ಹಳೆ ಹಾಯಿದೋಣಿಗೆ ಪೈಲಟ್‌ಹೌಸ್: ಸಕಲೇಶಪುರದ ಶೆಡ್ಡಿನ ಕೆಲಸದ ಟಿಪ್ಪಣಿ

22 ಅಡಿಯ ಹಳೆ ಫೈಬರ್ ಹಾಯಿದೋಣಿಗೆ ಪೈಲಟ್‌ಹೌಸ್ ಕಟ್ಟುವ ಕೆಲಸ ಬಹುಪಾಲು ಮುಗಿದಿದೆ. ಹೇಮಾವತಿ ಹಿನ್ನೀರಿಗೆ ಇಳಿಸಿ ಅದು ಎಷ್ಟು ವಾಲುತ್ತೆ ಅಂತ ಅಳೆದೂ ಆಯ್ತು. ಅಳತೆ, ತೂಕ, ಸಾಮಾನು ಎಲ್ಲ ಒಂದೇ ಕಡೆ ಇರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಹೇಳೋದು ಒಂದೇ ಮಾತು. ಪೈಲಟ್‌ಹೌಸ್ ಅಂದ್ರೆ ಬಡಗಿ ಕೆಲಸಕ್ಕಿಂತ ಮುಂಚೆ ತೂಕದ ಕೆಲಸ. ಮೇಲೆ ಏರಿಸುವ ಒಂದೊಂದು ಕೆ.ಜಿ.ಗೂ ಕೆಳಗೆ ಲೆಕ್ಕ ಕೊಡಬೇಕು.

ಪೈಲಟ್‌ಹೌಸ್ ಅಂದ್ರೇನು ಅಂತ ಮೊದಲು ಹೇಳಿಬಿಡುತ್ತೇನೆ. ಮಾಮೂಲಿ ಹಾಯಿದೋಣಿಯಲ್ಲಿ ಚುಕ್ಕಾಣಿ ಹಿಡಿದವರು ಹಿಂದಿನ ಕಾಕ್‌ಪಿಟ್‌ನಲ್ಲಿ ಬಯಲಲ್ಲೇ ಕೂರಬೇಕು. ಮಳೆ, ಬಿಸಿಲು, ಎರಚಲು ಎಲ್ಲ ಅವರ ಮೈಮೇಲೇ. ಪೈಲಟ್‌ಹೌಸ್ ದೋಣಿಯಲ್ಲಿ ನಡುವೆ ಒಂದು ಎತ್ತರದ ಕೋಣೆ ಇರುತ್ತೆ, ಸುತ್ತ ಕಿಟಕಿ ಇರುತ್ತೆ, ಒಳಗೇ ಇನ್ನೊಂದು ಚುಕ್ಕಾಣಿ ಇರುತ್ತೆ. ಮಲೆನಾಡಿನಲ್ಲಿ ನಾಟಿ ಮಾಡುವಾಗ ಬೆನ್ನ ಮೇಲೆ ಗೊರಬು ಹಾಕಿಕೊಂಡು, ಎರಡೂ ಕೈ ಕೆಲಸಕ್ಕೆ ಬಿಟ್ಟುಕೊಳ್ಳುತ್ತಿದ್ದರಲ್ಲ, ಪೈಲಟ್‌ಹೌಸ್ ಮಾಡೋದೂ ಅದನ್ನೇ. ಇದರ ಜೊತೆ ಇನ್ನೆರಡು ಹೆಸರು ಕೇಳಿಬರುತ್ತವೆ. ಮೂರು ಕಡೆ ಗೋಡೆ, ಮೇಲೊಂದು ಸೂರು ಇದ್ದು ಹಿಂದುಗಡೆ ಬಯಲಾಗಿದ್ದರೆ ಅದು ಡಾಗ್‌ಹೌಸ್. ಕೂರುವ ಕೋಣೆಯನ್ನು ಎತ್ತರಿಸಿ, ಕೂತಲ್ಲಿಂದಲೇ ಹೊರಗೆ ಕಾಣುವಂತೆ ದೊಡ್ಡ ಕಿಟಕಿ ಇಟ್ಟರೆ ಅದು ಡೆಕ್ ಸಲೂನ್. ಒಳಗೆ ಚುಕ್ಕಾಣಿ ಇದ್ದರೆ ಮಾತ್ರ ಪೈಲಟ್‌ಹೌಸ್.

ಈ ಬಗೆಯ ದೋಣಿ ಬೆಳೆದದ್ದು ಚಳಿ ದೇಶಗಳಲ್ಲಿ. ಫಿನ್ಲೆಂಡಿನ ನಾಟಿಕ್ಯಾಟ್, ಡೆನ್ಮಾರ್ಕಿನ ಎಲ್‌ಎಂ, ಉತ್ತರ ಸಮುದ್ರದ ಮೀನುಗಾರಿಕೆ ದೋಣಿಯ ಆಕಾರ ಹೊತ್ತ ಇಂಗ್ಲೆಂಡಿನ ಫಿಶರ್, ವಿಲಿಯಂ ಗಾರ್ಡನ್ ಚಿತ್ರಿಸಿದ ಗಲ್ಫ್ 32 ಎಲ್ಲ ಇದೇ ಜಾತಿ. ನನಗೆ ಜಾಸ್ತಿ ಇಷ್ಟವಾದದ್ದು ಮಾತ್ರ ಬೇರೆ. ಅಮೆರಿಕದ ಫಿಲ್ ಬೋಲ್ಜರ್ ಬರ್ಡ್‌ವಾಚರ್ ಅಂತ ಒಂದು ಪ್ಲೈವುಡ್ ದೋಣಿ ಚಿತ್ರಿಸಿದರು. ಅದರಲ್ಲಿ ಜನ ತಳದ ಹತ್ತಿರವೇ ಕೂತು ಉದ್ದಕ್ಕೂ ಇರುವ ಕಿಟಕಿಯಿಂದ ಹೊರಗೆ ನೋಡುತ್ತಾರೆ. ಜನರ ಭಾರ ಕೆಳಗೆ, ಕಣ್ಣಿಗೆ ಬೇಕಾದ ಬೆಳಕು ಮೇಲೆ. ಈ ಯೋಚನೆ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ನಮ್ಮ ಕಡೆಗೆ ಯಾಕೆ ಬೇಕು ಅಂತ ಕೇಳಬಹುದು. ಇಲ್ಲಿ ಚಳಿ ಕೊಲ್ಲಲ್ಲ, ನಿಜ. ಆದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದ ಮಳೆ ನೋಡಿದವರಿಗೆ ಹೇಳಬೇಕಾಗಿಲ್ಲ. ಹಿನ್ನೀರಿನಲ್ಲಿ ಮಳೆ ಶುರುವಾದ್ರೆ ಎದುರಿನ ದಡವೇ ಮಾಯ. ಇನ್ನು ಕರಾವಳಿಗೆ ಇಳಿದರೆ ಮಾರ್ಚ್, ಏಪ್ರಿಲ್ ಬಿಸಿಲು. ಬಯಲಲ್ಲಿ ಕೂತು ಇಡೀ ದಿನ ಚುಕ್ಕಾಣಿ ಹಿಡಿದವನಿಗೆ ಸಂಜೆ ಹೊತ್ತಿಗೆ ತೀರ್ಮಾನ ತಗೊಳ್ಳುವ ಶಕ್ತಿಯೇ ಇರಲ್ಲ. ನೆರಳು ಅಂದ್ರೆ ಸೌಕರ್ಯ ಅಷ್ಟೇ ಅಲ್ಲ, ಸುರಕ್ಷತೆ ಕೂಡ.

ನಮ್ಮ ದೋಣಿಯ ಉದ್ದ 6.7 ಮೀಟರ್, ನೀರಿನ ಗೆರೆಯಲ್ಲಿ ಉದ್ದ 5.6 ಮೀಟರ್, ಅಗಲ 2.4 ಮೀಟರ್. ತೂಕ 1,300 ಕೆ.ಜಿ., ಅದರಲ್ಲಿ 450 ಕೆ.ಜಿ. ಕೀಲ್‌ನ, ಅಂದ್ರೆ ತಳದಲ್ಲಿ ಭಾರಕ್ಕೆ ಅಂತ ಇರುವ ರೆಕ್ಕೆಯ, ಎರಕದ ಕಬ್ಬಿಣ. ಗಿಡ್ಡ ಕೀಲ್, ಅದರ ಸೀಳಿನಿಂದ ಕೆಳಗಿಳಿಯುವ ಹಲಗೆ. ಕರಾವಳಿಯಿಂದ ಕೊಂಡು ಲಾರಿಯಲ್ಲಿ ಶಿರಾಡಿ ಘಾಟಿ ಹತ್ತಿಸಿ ತಂದಿದ್ದು. ನಮ್ಮಲ್ಲಿ ವಾಹನದ ಅಗಲಕ್ಕೆ 2.6 ಮೀಟರ್ ಮಿತಿ ಇದೆ, ಹಾಗಾಗಿ 2.4 ಮೀಟರ್ ದೋಣಿ ಅಂದ್ರೆ ರಸ್ತೆಯಲ್ಲಿ ತರೋಕೆ ತೊಂದರೆ ಇಲ್ಲ. ಹಲ್, ಅಂದ್ರೆ ದೋಣಿಯ ಒಡಲು, ಗಟ್ಟಿಯಾಗಿತ್ತು. ಹಳೇ ಕ್ಯಾಬಿನ್ ಸೂರಿನ ಒಳಗಿನ ಮರ ಮಾತ್ರ ನೀರು ಕುಡಿದು ಬೆಂಡಾಗಿತ್ತು. ಹೇಗೂ ಅದನ್ನು ಕಿತ್ತು ಹಾಕಲೇಬೇಕಿತ್ತು.

ಮೊದಲು ರಟ್ಟು, ಆಮೇಲೆ ಮರ

ಕಾಗದದ ಮೇಲೆ ಚಿತ್ರ ಬರೆದು ನೇರವಾಗಿ ಕತ್ತರಿಸೋಕೆ ಹೋಗಬೇಡಿ. ತೋಟದಲ್ಲಿ ಕಡಿದ ಸಿಲ್ವರ್ ಓಕ್‌ನಲ್ಲಿ ರೀಪರ್ ಸೀಳಿಸಿ, ದೋಣಿ ಮೇಲೆ ಚೌಕಟ್ಟು ನಿಲ್ಲಿಸಿ, ಅದಕ್ಕೆ ರಟ್ಟು ಹೊಡೆದೆವು. ಕಿಟಕಿ ಬರುವ ಕಡೆ ಚಾಕುವಿನಿಂದ ಕೊಯ್ದು ಒಳಗೆ ಕೂತು ನೋಡೋದು. ಕಾಣದಿದ್ರೆ ಇನ್ನೊಂದು ರಟ್ಟು. ಸಿಲ್ವರ್ ಓಕ್ ನೀರಿಗೆ ತಾಳೋ ಮರ ಅಲ್ಲ, ಆದ್ರೆ ಅಚ್ಚು ನೋಡೋಕೆ ಹಗುರ, ಅಗ್ಗ, ಮೊಳೆ ಸಲೀಸಾಗಿ ಇಳಿಯುತ್ತೆ.

ಈ ಹಂತದಲ್ಲಿ ತೀರ್ಮಾನ ಮಾಡಬೇಕಾದದ್ದು ಕಣ್ಣಿನ ಎತ್ತರ. ಗೋಡೆ, ಸೂರು ಎಲ್ಲ ಅದರ ಹಿಂದೆ ಬರುತ್ತೆ. ಒಳಗಿನ ನೆಲವನ್ನು ನೀರಿನ ಗೆರೆಗಿಂತ 13 ಸೆಂ.ಮೀ. ಮೇಲೆ ಇಟ್ಟೆವು. ಅದರ ಮೇಲೆ 82 ಸೆಂ.ಮೀ. ಎತ್ತರದ ಆಸನ, ಕಾಲಿಗೊಂದು ಮೆಟ್ಟು. ಕೂತಾಗ ಕಣ್ಣು ನೀರಿನಿಂದ 1.75 ಮೀಟರ್ ಎತ್ತರಕ್ಕೆ ಬರುತ್ತೆ. ಮೂತಿ ಕಣ್ಣಿನಿಂದ 3.8 ಮೀಟರ್ ಮುಂದಿದೆ, ನೀರಿನಿಂದ 95 ಸೆಂ.ಮೀ. ಎತ್ತರ ಇದೆ. ಕಣ್ಣಿನಿಂದ ಮೂತಿಯ ತುದಿಗೆ ದಾರ ಎಳೆದು ಹಾಗೇ ಮುಂದಕ್ಕೆ ಬಿಟ್ಟರೆ ಅದು ಮೂತಿಯಿಂದ ನಾಲ್ಕೂವರೆ ಮೀಟರ್ ಮುಂದೆ ನೀರು ಮುಟ್ಟುತ್ತೆ. ಅಂದ್ರೆ ಅಷ್ಟು ಹತ್ತಿರದ ಮರದ ಬೊಡ್ಡೆಯೂ ಕೂತಲ್ಲೇ ಕಾಣುತ್ತೆ. ಹೇಮಾವತಿಯಲ್ಲಿ ಮುಳುಗಿದ ಮರದ ಬುಡಗಳು ಇರೋದರಿಂದ ಇದು ನನಗೆ ಬಹಳ ಮುಖ್ಯವಾಗಿತ್ತು.

ಹಿಂದಿನ ಕಾಕ್‌ಪಿಟ್‌ನಲ್ಲಿ ನಿಂತವರ ಪಾಡೇನು? ಸೂರಿನ ಮೇಲ್ಮೈ ನೀರಿನಿಂದ 2.05 ಮೀಟರ್. ಕಾಕ್‌ಪಿಟ್ ನೆಲದಲ್ಲಿ ನಿಂತರೆ ಕಣ್ಣು 1.9 ಮೀಟರ್‌ಗೆ ಬರುತ್ತೆ, ಸೂರಿನ ಮೇಲಿಂದ ಕಾಣಲ್ಲ. ಆದ್ದರಿಂದ ಹಿಂದಿನ ಬಾಗಿಲಿನ ಗಾಜು ಮತ್ತು ಮುಂದಿನ ನಡು ಕಿಟಕಿ ಒಂದೇ ಸಾಲಿಗೆ ಬರಬೇಕು, ಆಗ ಕೋಣೆಯ ಒಳಗಿಂದ ಆರಪಾರ ನೋಡಬಹುದು. ಆಸನದ ಮೇಲೆ ನಿಂತರೆ ಸೂರಿನ ಮೇಲಿಂದಲೇ ಕಾಣುತ್ತೆ. ಈ ಎರಡರಲ್ಲಿ ಒಂದೂ ಇಲ್ಲದ ಪೈಲಟ್‌ಹೌಸ್ ದೋಣಿ ನೋಡೋಕೆ ಎಷ್ಟೇ ಚೆನ್ನಾಗಿರಲಿ, ನಡೆಸೋಕೆ ಅಪಾಯ.

ಮುಂದಿನ ಕಿಟಕಿಯನ್ನು ಯಾವ ಕಡೆ ಓರೆ ಮಾಡಬೇಕು ಅನ್ನೋದಕ್ಕೂ ರಟ್ಟೇ ಉತ್ತರ ಕೊಟ್ಟಿತು. ಕಾರಿನ ಹಾಗೆ ಮೇಲ್ತುದಿ ಹಿಂದಕ್ಕೆ ವಾಲಿದ್ರೆ ನೋಡೋಕೆ ಚಂದ, ಗಾಳಿಗೂ ಒಳ್ಳೇದು, ಆದ್ರೆ ಒಳಗಿನ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಗಾಜಿನಲ್ಲಿ ಕಾಣುತ್ತೆ, ಮಧ್ಯಾಹ್ನದ ಬಿಸಿಲು ನೇರ ಒಳಗೆ ಬೀಳುತ್ತೆ. ಮೇಲ್ತುದಿ ಮುಂದಕ್ಕೆ ವಾಲಿದ್ರೆ ಗಾಜು ತೋರಿಸೋದು ಸೂರಿನ ಒಳಮೈಯ ಪ್ರತಿಬಿಂಬ. ಸೂರಿನ ಮುಂಭಾಗಕ್ಕೆ ಒಳಗಿನಿಂದ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದರೆ ಅದೂ ಇಲ್ಲ. ವಿಮಾನ ನಿಲ್ದಾಣದ ಕಂಟ್ರೋಲ್ ಟವರ್ ಗಾಜುಗಳು ಹೊರಕ್ಕೆ ವಾಲಿರೋದೂ ಇದೇ ಕಾರಣಕ್ಕೆ. ಮಳೆ ಹನಿಯೂ ಗಾಜಿನ ಮೇಲೆ ಕಡಿಮೆ ನಿಲ್ಲುತ್ತೆ. ನಾವು ಮುಂದಕ್ಕೇ ವಾಲಿಸಿದೆವು, 12 ಡಿಗ್ರಿ. ಎದುರು ಅಲೆ ಬಡಿಯುವ ದೊಡ್ಡ ಸಮುದ್ರಯಾನಕ್ಕೆ ಹೋಗುವವರು ಮಾತ್ರ ಇದನ್ನು ಇನ್ನೊಮ್ಮೆ ಯೋಚಿಸಬೇಕು, ಅಲ್ಲಿ ಅಲೆಯ ಹೊಡೆತ ಇಂಥ ಗಾಜಿನ ಮೇಲೆ ಜೋರಾಗಿ ಬೀಳುತ್ತೆ.

ತೂಕದ ಲೆಕ್ಕ

ರಟ್ಟಿನ ಮನೆ ನೋಡಿ ನಮ್ಮ ಆಚಾರ್ರು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆ.

‘ಗೌಡ್ರೇ, ಇಷ್ಟು ಎತ್ತರ ಕಟ್ಟಿದ್ರೆ ಗಾಳಿಗೆ ಮಗುಚಿಕೊಳ್ಳಲ್ವಾ?’

‘ಅದನ್ನೇ ಲೆಕ್ಕ ಹಾಕೋಣ ಆಚಾರ್ರೇ. ನೀವು ಒಂದೊಂದು ತುಂಡೂ ತೂಕ ಮಾಡಿಯೇ ಮೇಲಕ್ಕೆ ಕಳಿಸಿ.’

ಅವರು ಹಾಗೇ ಮಾಡಿದರು. ಕಾಫಿ ಮೂಟೆ ತೂಗುವ ತಕ್ಕಡಿ ಶೆಡ್ಡಿನಲ್ಲೇ ಇತ್ತು. ಸೂರು 28 ಕೆ.ಜಿ. ಗೋಡೆ ಮತ್ತು ಕಂಬ 22. ಕಿಟಕಿ 13. ಚುಕ್ಕಾಣಿ ಚಕ್ರ, ವೈಪರ್, ಸ್ಕ್ರೂ, ಬಣ್ಣ ಸೇರಿ 5. ಒಟ್ಟು 68 ಕೆ.ಜಿ. ಕಿತ್ತು ಹಾಕಿದ ಹಳೇ ಸೂರು 23 ಕೆ.ಜಿ. ಹಾಗಾಗಿ ದೋಣಿಗೆ ಹೊಸದಾಗಿ ಸೇರಿದ್ದು 45 ಕೆ.ಜಿ. ಇದು ನೀರಿನ ಗೆರೆಗಿಂತ ಸುಮಾರು 1.3 ಮೀಟರ್ ಮೇಲೆ ಕೂರುತ್ತೆ. 45 ಅನ್ನು 1.3ರಿಂದ ಗುಣಿಸಿದ್ರೆ ಸುಮಾರು 58 ಕೆ.ಜಿ.-ಮೀಟರ್. ಇದು ನಮ್ಮ ಸಾಲ.

ತೀರಿಸಿದ್ದು ಹೀಗೆ. ಪೈಲಟ್‌ಹೌಸ್ ನೆಲ ಎತ್ತರ ಇರೋದರಿಂದ ಅದರಡಿ ಒಳ್ಳೇ ಜಾಗ ಸಿಗುತ್ತೆ. ಈ ಬಗೆಯ ದೋಣಿಯ ದೊಡ್ಡ ಲಾಭಗಳಲ್ಲಿ ಇದೂ ಒಂದು, ದೊಡ್ಡ ದೋಣಿಗಳಲ್ಲಿ ಎಂಜಿನ್, ಟ್ಯಾಂಕ್ ಎಲ್ಲ ಅಲ್ಲೇ ಹೋಗುತ್ತೆ. ನಾವು 60 ಕೆ.ಜಿ. ಸೀಸದ ಗಟ್ಟಿಗಳನ್ನು ನೀರಿನ ಗೆರೆಗಿಂತ 35 ಸೆಂ.ಮೀ. ಕೆಳಗೆ, ತಳದಲ್ಲಿ ಎಪಾಕ್ಸಿ ಅಂಟು ಹಾಕಿ ಕೂರಿಸಿದೆವು. ಅದರಿಂದ 21. 25 ಕೆ.ಜಿ. ಬ್ಯಾಟರಿ ಮೊದಲು ಆಸನದ ಕೆಳಗಿನ ಪೆಟ್ಟಿಗೆಯಲ್ಲಿತ್ತು, ಅದನ್ನು 60 ಸೆಂ.ಮೀ. ಕೆಳಗಿಳಿಸಿದೆವು. ಅದರಿಂದ 15. ಹಾಯಿಕಂಬದ ತುದಿಯನ್ನು 60 ಸೆಂ.ಮೀ. ಕತ್ತರಿಸಿದೆವು. ಅಲ್ಲಿನ ಅಲ್ಯೂಮಿನಿಯಂ, ತಂತಿ ಸೇರಿ ಒಂದು ಕೆ.ಜಿ. ಅಷ್ಟೇ, ಆದ್ರೆ ಅದು ಇದ್ದದ್ದು 8 ಮೀಟರ್ ಎತ್ತರದಲ್ಲಿ, ಹಾಗಾಗಿ ಅದರಿಂದ 8. ಒಟ್ಟು 44. ಉಳಿದದ್ದು 14 ಕೆ.ಜಿ.-ಮೀಟರ್. ದೋಣಿಯ ಈಗಿನ ತೂಕ ಸುಮಾರು 1,405 ಕೆ.ಜಿ. ಭಾಗಿಸಿದ್ರೆ ಗುರುತ್ವ ಕೇಂದ್ರ ಏರಿದ್ದು 1 ಸೆಂ.ಮೀ. ಇಷ್ಟಕ್ಕೆ ನಿಲ್ಲಿಸಿದೆವು. ಇನ್ನೂ ಸೀಸ ತುಂಬಬಹುದಿತ್ತು, ಆದ್ರೆ ಸೀಸ ಹೆಚ್ಚಿದಷ್ಟೂ ದೋಣಿ ಮುಳುಗುತ್ತೆ, ನಿಧಾನ ಆಗುತ್ತೆ.

ತೂಕದಷ್ಟೇ ಮುಖ್ಯ ಗಾಳಿ. ಗಂಟೆಗೆ 36 ಕಿ.ಮೀ. ಗಾಳಿ ಒಂದು ಚದರ ಮೀಟರ್ ಚಪ್ಪಟೆ ಗೋಡೆಯ ಮೇಲೆ ಆರೇಳು ಕೆ.ಜಿ. ಭಾರದಷ್ಟು ಒತ್ತುತ್ತೆ. ಗಾಳಿ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟು. ನಮ್ಮ ಗೋಡೆ ಪಕ್ಕದಿಂದ ಸುಮಾರು ಒಂದು ಚದರ ಮೀಟರ್ ಹೆಚ್ಚಾಗಿದೆ. ಹಾಯಿ ಬಿಚ್ಚಿ ಓಡುವಾಗ ಇದು ಗೊತ್ತಾಗಲ್ಲ. ದಡಕ್ಕೆ ನಿಧಾನ ತರುವಾಗ ಮಾತ್ರ ಪಕ್ಕಕ್ಕೆ ತಳ್ಳೋದು ಚೆನ್ನಾಗಿ ಗೊತ್ತಾಗುತ್ತೆ.

ಇನ್ನೊಂದು ವಿಷಯ ಜನ ಅಷ್ಟಾಗಿ ಮಾತಾಡಲ್ಲ. ದೋಣಿ ಪೂರ್ತಿ ತಲೆಕೆಳಗಾದ್ರೆ ಎತ್ತರದ, ಗಾಳಿ ತುಂಬಿದ ಕೋಣೆ ಅದನ್ನು ಹಾಗೇ ಇರೋಕೆ ಬಿಡಲ್ಲ, ತಿರುಗಿಸಿ ಎತ್ತೋಕೆ ನೋಡುತ್ತೆ. ಆದ್ರೆ ಇದೆಲ್ಲ ಕಿಟಕಿ, ಬಾಗಿಲು ನೀರು ತಡೆದ್ರೆ ಮಾತ್ರ. ಕಿಟಕಿ ಒಡೆದ್ರೆ ಅದೇ ಕೋಣೆ ನೀರು ತುಂಬುವ ತೂತು. ಹೀಗಾಗಿ ಕಿಟಕಿ ಕೂರಿಸೋದನ್ನು ಅಲಂಕಾರದ ಕೆಲಸ ಅಂತ ನೋಡಲೇಬಾರದು. ಹಿಂದಿನ ಬಾಗಿಲಿಗೂ ಅದೇ ಮಾತು. ಹೊಸ್ತಿಲನ್ನು ಕಾಕ್‌ಪಿಟ್ ನೆಲದಿಂದ 30 ಸೆಂ.ಮೀ. ಎತ್ತರ ಇಟ್ಟೆವು. ದಾಟುವಾಗ ಕಾಲು ಎತ್ತಿ ಇಡಬೇಕು, ಪರವಾಗಿಲ್ಲ. ಕಾಕ್‌ಪಿಟ್ ನೀರು ತುಂಬಿದ್ರೂ ಒಳಗೆ ಬರಬಾರದು, ಅದು ಮುಖ್ಯ.

ಕತ್ತರಿಸಿ ಕಟ್ಟಿದ್ದು

ಗ್ರೈಂಡರಿಗೆ ಡೈಮಂಡ್ ಬ್ಲೇಡ್ ಹಾಕಿ ಹಳೇ ಸೂರು ಕೊಯ್ದೆವು. ಹಾಯಿಕಂಬ ನಿಲ್ಲುವ ಜಾಗ, ಅದರ ಕೆಳಗೆ ಒಳಗಡೆ ಭಾರ ಹೊರುವ ಕಂಬ ಎರಡನ್ನೂ ಮುಟ್ಟಲಿಲ್ಲ, ಪೈಲಟ್‌ಹೌಸ್ ಅದರ ಹಿಂದಿನಿಂದ ಶುರು. ಫೈಬರ್ ಧೂಳು ಬಹಳ ಕೆಟ್ಟದ್ದು, ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಯಾರೂ ಹತ್ತಿರ ಹೋಗಬಾರದು.

ಕೊಯ್ದ ಅಂಚಿನಲ್ಲಿ ಡೆಕ್ಕಿನ, ಅಂದ್ರೆ ದೋಣಿಯ ಮೇಲ್ಹಾಸಿನ, ಹೊಟ್ಟೆ ಕಾಣುತ್ತೆ. ಮೇಲೆ ಕೆಳಗೆ ಫೈಬರ್ ಪದರ, ನಡುವೆ ಮರ. ಮರ ಕಪ್ಪಾಗಿದ್ದ ಕಡೆಯೆಲ್ಲ ಇನ್ನೂ ಒಳಕ್ಕೆ ಕೊಯ್ಯುತ್ತಾ ಹೋದೆವು, ಒಣಗಿದ, ಬಿಳಿಯ ಮರ ಸಿಗುವ ತನಕ. ಆಮೇಲೆ ಸುತ್ತಲೂ ಅಂಚಿನ ನಡುವಿನ ಮರವನ್ನು 25 ಮಿ.ಮೀ. ಆಳಕ್ಕೆ ಉಳಿಯಿಂದ ಕೆತ್ತಿ ತೆಗೆದು, ಆ ಕಾಲುವೆಗೆ ಮರದ ಪುಡಿ ಕಲಸಿದ ಗಟ್ಟಿ ಎಪಾಕ್ಸಿ ತುಂಬಿದೆವು. ಇದು ಬೇಸರದ ಕೆಲಸ. ಆದ್ರೆ ಮುಂದೆ ಎಲ್ಲಾದ್ರೂ ನೀರು ಜಿನುಗಿದ್ರೂ ನಡುವಿನ ಮರಕ್ಕೆ ತಲುಪಲ್ಲ. ದೋಣಿ ರಿಪೇರಿಯಲ್ಲಿ ಅರ್ಧ ಆಯಸ್ಸು ಉಳಿಸೋದು ಈ ಕೆಲಸವೇ.

ಕಂಬಕ್ಕೆ ಹೆಬ್ಬಲಸು. ಕೇರಳದಲ್ಲಿ ಇದನ್ನು ಅಂಜಿಲಿ ಅಂತಾರೆ, ಓಣಂ ದೋಣಿ ಓಟದ ಉದ್ದನೆಯ ದೋಣಿಗಳಿಗೆ ಇದೇ ಮರ. ತೇಗಕ್ಕಿಂತ ಅಗ್ಗ, ನೀರಿಗೆ ಅಂಜಲ್ಲ, ಅಂಟು ಚೆನ್ನಾಗಿ ಹಿಡಿಯುತ್ತೆ. ತೇಗದಲ್ಲಿ ಎಣ್ಣೆ ಅಂಶ ಇರೋದರಿಂದ ಎಪಾಕ್ಸಿಗೆ ಮೊದಲು ಸಾಲ್ವೆಂಟ್‌ನಲ್ಲಿ ಒರೆಸಬೇಕು, ಇದಕ್ಕೆ ಆ ತಲೆನೋವಿಲ್ಲ. 45 ಮಿ.ಮೀ. ಚೌಕದ ಕಂಬಗಳಿಗೆ ಆಚಾರ್ರು ತೋಪಡ ಹೊಡೆದು ಹೊರ ಮೂಲೆ ಉರುಟು ಮಾಡಿದರು. ಗೋಡೆಗೆ 9 ಮಿ.ಮೀ. ಮರೀನ್ ಪ್ಲೈ, ಐಎಸ್ 710 ಗುರುತು ಇರೋದು. ಈ ದರ್ಜೆಯ ಪ್ಲೈವುಡ್ಡನ್ನು 72 ಗಂಟೆ ನೀರಿನಲ್ಲಿ ಕುದಿಸಿ ಅಂಟು ಪರೀಕ್ಷೆ ಮಾಡುತ್ತಾರೆ. ಹಾಗಂತ ಗುರುತು ನೋಡಿ ಸುಮ್ನೆ ತರಬೇಡಿ. ಹಾಳೆಯನ್ನು ನಿಲ್ಲಿಸಿ ನಾಲ್ಕೂ ಅಂಚು ನೋಡಿ, ಒಳಪದರದಲ್ಲಿ ಸಂದು ಇದ್ರೆ ಅಲ್ಲೇ ಬಿಟ್ಟು ಬನ್ನಿ. ಗೋಡೆ ಡೆಕ್ಕಿಗೆ ಸೇರುವ ಮೂಲೆಗೆ ಒಳಗೆ, ಹೊರಗೆ ಎಪಾಕ್ಸಿ ಫಿಲೆಟ್ (ಮೂಲೆಗೆ ಉರುಟಾಗಿ ತುಂಬುವ ಗಾರೆ), ಅದರ ಮೇಲೆ ಚದರ ಮೀಟರಿಗೆ 450 ಗ್ರಾಮಿನ ಬೈಆಕ್ಸಿಯಲ್, ಅಂದ್ರೆ ಎಳೆ ಎರಡು ದಿಕ್ಕಿಗೆ ಇರುವ, ಗ್ಲಾಸ್ ಪಟ್ಟಿ.

ಎಪಾಕ್ಸಿ ನಮ್ಮಲ್ಲಿ ಸುಲಭವಾಗಿ ಸಿಗೋದು ಎಲ್‌ವೈ 556, ಅದರ ಜೊತೆ ಅದನ್ನು ಗಟ್ಟಿ ಮಾಡುವ ಎಚ್‌ವೈ 951 ಹಾರ್ಡನರ್. 100 ಗ್ರಾಮಿಗೆ 10 ಗ್ರಾಂ, ತೂಕದಲ್ಲೇ, ಅಳತೆ ಲೋಟದಲ್ಲಲ್ಲ. ಒಂದೇ ಸಲ ಜಾಸ್ತಿ ಕಲಸಿದ್ರೆ ಲೋಟದಲ್ಲೇ ಬಿಸಿಯಾಗಿ ಹೊಗೆ ಬರುತ್ತೆ, ಸಣ್ಣ ಸಣ್ಣದಾಗಿ ಕಲಸಿ ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಮಲೆನಾಡಿನ ತೇವಕ್ಕೆ ಇನ್ನೊಂದು ತೊಂದರೆ ಇದೆ. ಗಟ್ಟಿಯಾದ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಪದರ ಏಳುತ್ತೆ. ಅದರ ಮೇಲೆ ಇನ್ನೊಂದು ಪದರ ಹಾಕಿದ್ರೆ ಹಿಡಿಯಲ್ಲ, ಉಪ್ಪು ಕಾಗದ ಹಾಕಿ ಉಜ್ಜಿದ್ರೆ ಜಿಡ್ಡು ಇನ್ನೂ ಒಳಕ್ಕೆ ಹೋಗುತ್ತೆ. ಮೊದಲು ಬರೀ ನೀರು, ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಹಾಕಿ ತೊಳೆದು, ಒಣಗಿಸಿ, ಆಮೇಲೆ ಉಜ್ಜಬೇಕು. ಮಳೆ ದಿನಗಳಲ್ಲಿ ದೋಣಿ ಸುತ್ತ ಟಾರ್ಪಾಲು ಕಟ್ಟಿ ಒಳಗೆ ಹಳೇ ಕಾಲದ 200 ವ್ಯಾಟ್ ಬಲ್ಬ್ ಉರಿಸಿದ್ದರಿಂದ ತೇವ ತುಂಬಾ ಕಡಿಮೆಯಾಯ್ತು.

ಸೂರು ನನಗೆ ಬಹಳ ತೃಪ್ತಿ ಕೊಟ್ಟ ಭಾಗ. 4 ಮಿ.ಮೀ. ಪ್ಲೈ, ಅದರ ಮೇಲೆ 15 ಮಿ.ಮೀ. ಪಿವಿಸಿ ಫೋಮ್, ಮತ್ತೆ 4 ಮಿ.ಮೀ. ಪ್ಲೈ. ಮೂರನ್ನೂ ಬಾಗಿದ ಅಚ್ಚಿನ ಮೇಲೆ ಎಪಾಕ್ಸಿಯಲ್ಲಿ ಅಂಟಿಸಿ, ಮೇಲೆ ಮರಳು ಚೀಲ ಹೇರಿ ಬಿಟ್ಟೆವು. ಗಟ್ಟಿಯಾದ ಮೇಲೆ ಅಚ್ಚಿನಿಂದ ಎತ್ತಿದ್ರೆ ಬಾಗು ಹಾಗೇ ಉಳಿದಿತ್ತು, ಒಂದು ಚೂರೂ ಹಿಂದಕ್ಕೆ ಸರಿಯಲಿಲ್ಲ. ಹಾಸನದಿಂದ ಬಂದಿದ್ದ ನನ್ನ ಭಾಮೈದ ಎರಡು ತುದಿಗೆ ಇಟ್ಟಿಗೆ ಕೊಟ್ಟು ನಡುವೆ ಹತ್ತಿ ನಿಂತ. ‘ಭಾವ, ಇದು ಅಲ್ಲಾಡ್ತಾನೇ ಇಲ್ವಲ್ಲ!’ ಅಂದ. ದಪ್ಪ ಪ್ಲೈ ಹಾಕಿದ್ರೂ ತೂಕ ಇಷ್ಟೇ ಆಗುತ್ತಿತ್ತು, ಆದ್ರೆ ಅಡಿಯಲ್ಲಿ ತೊಲೆ ಬೇಕಾಗುತ್ತಿತ್ತು. ತೊಲೆ ಇಲ್ಲದ್ದರಿಂದ ತಲೆ ಮೇಲೆ 4 ಸೆಂ.ಮೀ. ಉಳಿಯಿತು, ಒಳಗೆ 1.85 ಮೀಟರ್ ನಿಲ್ಲುವ ಎತ್ತರ ಸಿಕ್ಕಿತು. ಫೋಮ್ ಬಿಸಿಲನ್ನೂ ತಡೆಯುತ್ತೆ. ಮೇಲ್ಮೈಗೆ ಬಿಳಿ ಬಣ್ಣ ಬಿಟ್ಟು ಬೇರೆ ಹೊಡೆಯಬೇಡಿ. ನಡುವೆ ಒಂದು ತೆರೆಯುವ ಹ್ಯಾಚ್ ಇಟ್ಟಿದ್ದೇವೆ, ಬಿಸಿ ಗಾಳಿ ಅಲ್ಲಿಂದ ಹೋಗುತ್ತೆ.

ಕಿಟಕಿಗಳು

ಗಾಜಾ, ಅಕ್ರಿಲಿಕ್ಕಾ, ಪಾಲಿಕಾರ್ಬನೇಟಾ? ಮೂರಕ್ಕೂ ಅದರದ್ದೇ ಗುಣ. ಪಾಲಿಕಾರ್ಬನೇಟ್ ಸುತ್ತಿಗೆ ಏಟಿಗೂ ಒಡೆಯಲ್ಲ, ಆದ್ರೆ ಬೇಗ ಗೀಚು ಬೀಳುತ್ತೆ, ಮೇಲಿನ ರಕ್ಷಣೆ ಪದರ ಸರಿ ಇಲ್ಲದಿದ್ರೆ ಬಿಸಿಲಿಗೆ ಮಬ್ಬಾಗುತ್ತೆ. ಅಕ್ರಿಲಿಕ್ ಬಿಸಿಲಿಗೆ ತಾಳುತ್ತೆ, ತಿಳಿಯಾಗಿ ಉಳಿಯುತ್ತೆ, ಆದ್ರೆ ಒತ್ತಿ ಹಿಡಿದ್ರೆ ಸೀಳುತ್ತೆ. ಗಾಜಿಗೆ ವೈಪರ್ ಹಾಕಬಹುದು, ಆದ್ರೆ ಭಾರ. 6 ಮಿ.ಮೀ. ಗಾಜು ಚದರ ಮೀಟರಿಗೆ 15 ಕೆ.ಜಿ., ಅಷ್ಟೇ ದಪ್ಪದ ಅಕ್ರಿಲಿಕ್ ಸುಮಾರು 7. ನಮ್ಮ ಕಿಟಕಿ ಒಟ್ಟು ಒಂದೂವರೆ ಚದರ ಮೀಟರ್. ಮುಂದಿನ ನಡುವಿನದ್ದು ಮಾತ್ರ 6.38 ಮಿ.ಮೀ. ಲ್ಯಾಮಿನೇಟೆಡ್ ಗಾಜು, ಅದಕ್ಕೆ ಜೀಪಿನ ವೈಪರ್ ಮೋಟಾರ್. ಉಳಿದದ್ದೆಲ್ಲ ಅಕ್ರಿಲಿಕ್. ಸುಮಾರು 10 ಕೆ.ಜಿ. ಉಳಿಯಿತು, ಅದೂ ಮೇಲ್ಭಾಗದಲ್ಲಿ.

ಅಕ್ರಿಲಿಕ್ ವಿಷಯದಲ್ಲಿ ನೆನಪಿಡಬೇಕಾದದ್ದು ಅದರ ಹಿಗ್ಗುವ ಗುಣ. ಒಂದು ಮೀಟರ್ ಉದ್ದಕ್ಕೆ ಪ್ರತಿ ಡಿಗ್ರಿಗೆ 0.07 ಮಿ.ಮೀ. ಕೇಳೋಕೆ ಏನೂ ಅಲ್ಲ. ಆದ್ರೆ ನಮ್ಮ ಪಕ್ಕದ ಕಿಟಕಿ 90 ಸೆಂ.ಮೀ., ಡಿಸೆಂಬರ್ ಬೆಳಗಿನ 15 ಡಿಗ್ರಿಗೂ ಬಿಸಿಲಲ್ಲಿ ಕಾದ 55 ಡಿಗ್ರಿಗೂ ನಡುವೆ ಅದು ಎರಡೂವರೆ ಮಿ.ಮೀ. ಉದ್ದ ಆಗುತ್ತೆ. ಬಿಗಿಯಾಗಿ ಬೋಲ್ಟ್ ಹಾಕಿದ್ರೆ ತೂತಿನಿಂದಲೇ ಸೀಳು ಶುರು. ಆದ್ದರಿಂದ ಬೋಲ್ಟೇ ಬೇಡ ಅಂದೆವು. ಕಿಟಕಿಯ ಬಾಯಿಗಿಂತ ಸುತ್ತ 30 ಮಿ.ಮೀ. ದೊಡ್ಡದಾಗಿ ಕತ್ತರಿಸಿ ಹೊರಗಡೆಯಿಂದ ಕೂರಿಸಿದ್ದು. ಒಳ ಅಂಚಿಗೆ 3 ಮಿ.ಮೀ. ದಪ್ಪದ ಎರಡು ಬದಿ ಅಂಟುವ ಫೋಮ್ ಟೇಪ್, ಅದರ ಹೊರಗೆ ಉಳಿದ ಸಂದಿಗೆಲ್ಲ ಡೌ 795 ಸ್ಟ್ರಕ್ಚರಲ್ ಸಿಲಿಕೋನ್. ಸಿಲಿಕೋನ್ ರಬ್ಬರಿನ ಹಾಗೆ ಹಿಗ್ಗುತ್ತೆ, ಕುಗ್ಗುತ್ತೆ, ಆದ್ರೆ ಅದಕ್ಕೆ ಆ 3 ಮಿ.ಮೀ. ದಪ್ಪ ಬೇಕೇ ಬೇಕು, ಒತ್ತಿ ತೆಳು ಮಾಡಿದ್ರೆ ಕಿತ್ತು ಬರುತ್ತೆ. ಅಂಟಿಸುವ ಮೊದಲು ಅಕ್ರಿಲಿಕ್ಕನ್ನು ಥಿನ್ನರ್‌ನಲ್ಲಿ ಒರೆಸಬೇಡಿ, ಕೂದಲೆಳೆ ಬಿರುಕು ಏಳುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಕತ್ತರಿಸಿದ ಅಂಚನ್ನು ಕೈಗೆ ನುಣುಪು ಅನ್ನಿಸುವ ತನಕ ಉಜ್ಜಿ, ಗರಗಸದ ಹಲ್ಲಿನ ಗುರುತು ಉಳಿದ ಕಡೆಯಿಂದಲೇ ಸೀಳು ಹೊರಡುತ್ತೆ.

ಒಳಗಿನ ಚುಕ್ಕಾಣಿ

ಹೈಡ್ರಾಲಿಕ್ ಬೇಡ, ಹಗ್ಗ ಸಾಕು ಅಂತ ಮೊದಲೇ ನಿರ್ಧಾರ. ಟಿಲ್ಲರ್, ಅಂದ್ರೆ ಚುಕ್ಕಾಣಿಯ ಹಿಡಿಕೋಲು, ಅದರ ತುದಿಗೆ ನೇರ ಹಗ್ಗ ಕಟ್ಟಿದ್ರೆ ಅದು ಪೂರ್ತಿ ತಿರುಗಿದಾಗ ಹಗ್ಗ ಸಡಿಲ ಬೀಳುತ್ತೆ. ಅದಕ್ಕೆ ರಡ್ಡರ್ (ನೀರಿನಲ್ಲಿರುವ ಚುಕ್ಕಾಣಿ ಹಲಗೆ) ತಲೆಗೆ 18 ಮಿ.ಮೀ. ಪ್ಲೈನ ಬೀಸಣಿಗೆ ಆಕಾರದ ತುಂಡು ಮಾಡಿದೆವು, 25 ಸೆಂ.ಮೀ. ತ್ರಿಜ್ಯ, ಅಂಚಿನಲ್ಲಿ ಹಗ್ಗ ಕೂರುವ ಕಾಲುವೆ. ಹಗ್ಗ ಯಾವಾಗಲೂ ಅಂಚಿನ ಮೇಲೇ ಸುತ್ತಿ ಹೋಗೋದರಿಂದ ಬಿಗಿ ಒಂದೇ ಥರ ಇರುತ್ತೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ 70 ಡಿಗ್ರಿ, ಅಂದ್ರೆ ಸುಮಾರು 30 ಸೆಂ.ಮೀ. ಹಗ್ಗ. ಒಳಗಿನ ಚಕ್ರದ ಹಿಂದಿನ ನೈಲಾನ್ ಡ್ರಮ್ 5 ಸೆಂ.ಮೀ. ವ್ಯಾಸ, ಹಾಸನದ ಲೇತ್ ಅಂಗಡಿಯಲ್ಲಿ ಕಡೆಸಿದ್ದು. ಚಕ್ರ ಎರಡು ಸುತ್ತು ತಿರುಗಿಸಿದ್ರೆ ಚುಕ್ಕಾಣಿ ಆ ತುದಿಯಿಂದ ಈ ತುದಿಗೆ ಬರುತ್ತೆ. ಒಂದು ಪಿನ್ ಎಳೆದ್ರೆ ಚಕ್ರ ಬಿಡುತ್ತೆ, ಟಿಲ್ಲರ್ ಕೈಗೆ ಬರುತ್ತೆ. ಆ ಪಿನ್ ಕಾಕ್‌ಪಿಟ್‌ನಲ್ಲಿ ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಇರಲಿ.

ಹಾಯಿ

ಪೈಲಟ್‌ಹೌಸ್ ಕಟ್ಟಿದ್ರೆ ಹಾಯಿಯೂ ಬದಲಾಗಲೇಬೇಕು. ಬೂಮ್, ಅಂದ್ರೆ ಹಾಯಿಯ ಕೆಳ ಅಂಚು ಹಿಡಿಯುವ ಅಡ್ಡಕೋಲು, ಸೂರಿಗೆ ತಾಗಬಾರದು ಅಂತ 40 ಸೆಂ.ಮೀ. ಮೇಲಕ್ಕೆ ಏರಿಸಿದೆವು. ಕಂಬ ಮೇಲಿನಿಂದ 60 ಸೆಂ.ಮೀ. ಹೋಗಿದೆ. ಒಟ್ಟು ಹಾಯಿ 20 ಚದರ ಮೀಟರ್ ಇದ್ದದ್ದು 18.4 ಆಯ್ತು. ಹಾಯಿಯ ಅಳತೆಯನ್ನು ದೋಣಿ ತಳ್ಳುವ ನೀರಿನ ಗಾತ್ರಕ್ಕೆ ಹೋಲಿಸುವ ಒಂದು ಅನುಪಾತ ಇದೆ. ಗಾತ್ರವನ್ನು ಘನ ಮೀಟರಿನಲ್ಲಿ ತಗೊಂಡು, ಅದರ ಮೂರನೇ ಎರಡು ಘಾತದಿಂದ ಹಾಯಿಯ ಚದರ ಮೀಟರನ್ನು ಭಾಗಿಸೋದು. ನಮ್ಮದು 17 ಇದ್ದದ್ದು 15ಕ್ಕೆ ಬಂತು. ಹಾಯಿ, ಎಂಜಿನ್ ಎರಡನ್ನೂ ನಂಬಿ ಓಡುವ, ಮೋಟಾರ್‌ಸೇಲರ್ ಅಂತ ಕರೆಯುವ ದೋಣಿಗಳ ಹತ್ತಿರದ ಅಂಕಿ ಇದು. ಮಂದ ಗಾಳಿಯಲ್ಲಿ ನಿಧಾನ ಆಗುತ್ತೆ, ಒಪ್ಪಿಕೊಂಡೇ ಮಾಡಿದ್ದು. ಗಾಳಿ ಚೆನ್ನಾಗಿದ್ರೆ ಗರಿಷ್ಠ ವೇಗ ನೀರಿನ ಗೆರೆಯ ಉದ್ದದ ಮೇಲೆ ನಿಂತಿದೆ. 5.6 ಮೀಟರಿಗೆ ಸುಮಾರು 5.7 ನಾಟ್, ಗಂಟೆಗೆ ಹತ್ತೂವರೆ ಕಿ.ಮೀ. ಅದೇನೂ ಬದಲಾಗಿಲ್ಲ. ಮುಂದಿನ ಹಾಯಿಯ ಕೆಳ ಅಂಚನ್ನು ಎತ್ತರಕ್ಕೆ ಕತ್ತರಿಸಿ ಹೊಲಿಸುವುದು ಬಾಕಿ ಇದೆ. ಈಗ ಅದು ಕಿಟಕಿಗೆ ಅಡ್ಡ ಬರುತ್ತೆ, ಗಾಳಿ ಮರೆಯ ಕಡೆ ಕಾಣಲ್ಲ.

ಹಿನ್ನೀರಿನಲ್ಲಿ

ವಾಲಿಸಿ ನೋಡುವ ಪರೀಕ್ಷೆಯನ್ನು ಕೆಲಸ ಶುರು ಮಾಡುವ ಮೊದಲೇ ಒಂದು ಸಲ ಮಾಡಿಟ್ಟುಕೊಂಡಿದ್ದೆವು. ಹೋಲಿಸೋಕೆ ಅದು ಬೇಕು. ಅನುಮತಿ ತಗೊಂಡು ಶೆಟ್ಟಿಹಳ್ಳಿ ಕಡೆ ಗಟ್ಟಿ ನೆಲ ಇರುವಲ್ಲಿ ಇಳಿಸಿದ್ದು. ಗಾಳಿ ಏಳುವ ಮೊದಲು, ಬೆಳಗಿನ ಹೊತ್ತೇ ಮಾಡಬೇಕು. ನೀರು ಅಲ್ಲಾಡಿದ್ರೆ ಅಳತೆ ಸುಳ್ಳು.

ಬಾಗಿಲಿನ ಮೇಲಿಂದ 1.2 ಮೀಟರ್ ದಾರದಲ್ಲಿ ತೂಗುಗುಂಡು ಇಳಿಬಿಟ್ಟೆವು. ಗುಂಡು ಓಲಾಡದ ಹಾಗೆ ಅದನ್ನು ಎಣ್ಣೆ ತುಂಬಿದ ಡಬ್ಬಿಯಲ್ಲಿ ಮುಳುಗಿಸಿ, ಡಬ್ಬಿಯ ಬಾಯಿಗೆ ಅಡ್ಡವಾಗಿ ಸ್ಕೇಲ್ ಕಟ್ಟಿದೆವು. ದೋಣಿಯಲ್ಲಿ ಒಬ್ಬರೇ, ನಡುವೆ ಅಲ್ಲಾಡದೆ ಕೂತಿರಬೇಕು. 60 ಕೆ.ಜಿ. ಮರಳು ಚೀಲಗಳನ್ನು ನಡುಗೆರೆಯಿಂದ ಒಂದು ಮೀಟರ್ ಪಕ್ಕಕ್ಕೆ ಸರಿಸಿದಾಗ ದಾರ ಸ್ಕೇಲಿನ ಮೇಲೆ ನಿಧಾನ ಜಾರಿ ಒಂದು ಕಡೆ ನಿಂತಿತು. 68 ಮಿ.ಮೀ. ಇನ್ನೊಂದು ಬದಿಗೆ ಸರಿಸಿದಾಗಲೂ ಅಷ್ಟೇ. 60 ಕೆ.ಜಿ., ಒಂದು ಮೀಟರ್, 1,200 ಮಿ.ಮೀ. ಮೂರನ್ನೂ ಗುಣಿಸಿ 1,405 ಮತ್ತು 68ರ ಗುಣಲಬ್ಧದಿಂದ ಭಾಗಿಸಿದ್ರೆ ಮೆಟಾಸೆಂಟ್ರಿಕ್ ಎತ್ತರ ಸಿಗುತ್ತೆ, ದೋಣಿ ವಾಲಿದಾಗ ಎದ್ದು ನಿಲ್ಲುವ ಶಕ್ತಿಯ ಅಳತೆ ಅದು. ಬಂದದ್ದು 75 ಸೆಂ.ಮೀ. ಪೈಲಟ್‌ಹೌಸ್ ಇಲ್ಲದಾಗ 77 ಇತ್ತು. ಕಾಗದದ ಲೆಕ್ಕಕ್ಕೂ ನೀರಿನ ಲೆಕ್ಕಕ್ಕೂ ಹೆಚ್ಚುಕಮ್ಮಿ ತಾಳೆ ಬಿತ್ತು. ಆಚಾರ್ರು ದಡದಲ್ಲಿ ನಿಂತು ಅಂಕಿ ಕೇಳಿ, ‘ಹಾಗಾದ್ರೆ ಎರಡು ಸೆಂಟಿಮೀಟರ್ ಕೊಟ್ಟು ಒಂದು ಮನೆ ತಗೊಂಡಂಗಾಯ್ತು’ ಅಂದರು.

ಇದು ಸಣ್ಣ ಓರೆಗೆ ಮಾತ್ರ ಹೊಂದುವ ಲೆಕ್ಕ. ಜೋರು ಗಾಳಿಯಲ್ಲಿ ಪೂರ್ತಿ ವಾಲಿದಾಗ ಏನಾಗುತ್ತೆ ಅನ್ನೋದಕ್ಕೆ ಕೀಲ್ ತೂಕ, ಬಾಗಿಲು ಕಿಟಕಿಯ ಬಿಗಿ ಎಲ್ಲ ಸೇರಿಕೊಳ್ಳುತ್ತೆ. ಹಾಗಾಗಿ ಬೇಗ ಹಾಯಿ ಮಡಿಸೋ ಅಭ್ಯಾಸ ಬಿಡೋ ಹಾಗಿಲ್ಲ. ಒಳಗೆ ಬೆಚ್ಚಗೆ ಕೂತವನಿಗೆ ಗಾಳಿ ಎಷ್ಟಿದೆ ಅಂತ ಮೈಗೆ ಗೊತ್ತಾಗಲ್ಲ. ಪೈಲಟ್‌ಹೌಸಿನ ನಿಜವಾದ ಅಪಾಯ ಅದೇ. ಹ್ಯಾಚ್‌ನಿಂದ ತಲೆ ಹೊರಗೆ ಹಾಕಿ ಹಾಯಿ ನೋಡ್ತಾ ಇರಬೇಕು, ಕಂಬದ ಮೇಲೆ ಗಾಳಿ ಅಳೆಯುವ ಯಂತ್ರ ಇದ್ರೆ ಇನ್ನೂ ಒಳ್ಳೇದು.

ಕರಾವಳಿಗೆ ಒಯ್ಯೋದು ಮಳೆಗಾಲ ಪೂರ್ತಿ ಕಳೆದ ಮೇಲೆ. ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದ್ರೂ ಸಮುದ್ರ ತಣ್ಣಗಾಗೋದು ಇನ್ನೂ ತಡ. ಅದಕ್ಕೆ ಮೊದಲು ಮುಂದಿನ ಹಾಯಿ ಹೊಲಿಸಬೇಕು, ಔಟ್‌ಬೋರ್ಡಿನ (ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್) ಗೇರ್, ಥ್ರಾಟಲ್ ಕೇಬಲ್ ಒಳಗೆ ಎಳೆಯಬೇಕು. ಪಕ್ಕದ ಎರಡು ದೊಡ್ಡ ಕಿಟಕಿಗೆ ಅಲೆ ಜೋರಾದಾಗ ಹೊರಗಿನಿಂದ ಹಾಕುವ 6 ಮಿ.ಮೀ. ಪ್ಲೈ ಮುಚ್ಚಳ ಈಗಾಗಲೇ ಕತ್ತರಿಸಿ ಆಗಿದೆ. ಅವನ್ನು ತಿರುಪುವ ಬೋಲ್ಟುಗಳು ಕಂಬಕ್ಕೆ ಹೋಗುತ್ತವೆ, ಅಕ್ರಿಲಿಕ್ಕನ್ನು ಮುಟ್ಟಲ್ಲ. ಎರಡೂ ಸೇರಿ 4 ಕೆ.ಜಿ. ಒಳಗೇ. ಇಡುವ ಜಾಗ ನೆಲದಡಿ, ಸೀಸದ ಪಕ್ಕ.